ಉಂಡವರ ಹೆಸರು: ಅಂಗವಿಕಲರ ಸುದ್ದಿ ಬರೆಯಲು ಹೊರಟ ಹೊಸಬರಿಗೆ, ಹಂತ ಹಂತವಾಗಿ

ಶಿರಾಳಕೊಪ್ಪದ ಮಗ್ಗುಲಲ್ಲೇ ಇರುವ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ದೇವಸ್ಥಾನ ನೋಡಿಯೇ ಬರುತ್ತಾರೆ. ಆ ದೇವಸ್ಥಾನಕ್ಕೆ ಸೇರಿದ ಕೋಡಿಮಠದ ಬಗ್ಗೆ 1162ನೇ ಇಸವಿಯ ಒಂದು ಶಾಸನವಿದೆ. ಕಳಚುರಿ ಬಿಜ್ಜಳನ ಕಾಲದ್ದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಅದು ಅಚ್ಚಾಗಿದೆ. ಮಠದಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದು ಹೇಳುವ ಆ ಕಲ್ಲು, ಅಲ್ಲಿ ಯಾರು ಯಾರಿಗೆ ಅನ್ನ ಸಿಗುತ್ತಿತ್ತು ಎಂದು ಒಂದು ಉದ್ದದ ಪಟ್ಟಿ ಕೊಡುತ್ತದೆ. ದಿಕ್ಕಿಲ್ಲದವರು, ನಡೆಯಲಾಗದವರು, ಕಣ್ಣು ಕಾಣದವರು, ಕಿವಿ ಕೇಳದವರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಹೀಗೆ ಪಟ್ಟಿ ಮುಂದುವರಿಯುತ್ತದೆ.

ಈ ಶಾಸನದ ಬಗ್ಗೆ ನನಗೆ ಹೆಮ್ಮೆಯಿದೆ. ಎಂಟೂವರೆ ಶತಮಾನಗಳ ಹಿಂದೆಯೇ ನಮ್ಮ ತಾಲ್ಲೂಕಿನಲ್ಲಿ ಅಂಗವಿಕಲರನ್ನು ಲೆಕ್ಕಕ್ಕೆ ಹಿಡಿದ ಒಂದು ಮಠವಿತ್ತು. ಆದರೆ ಕಲ್ಲಿನ ಮೇಲೆ ದೊರೆಯ ಹೆಸರಿದೆ, ಗುರುವಿನ ಹೆಸರಿದೆ, ಉಂಡವರಲ್ಲಿ ಒಬ್ಬರ ಹೆಸರೂ ಇಲ್ಲ. ದಾನವನ್ನು ದಾಖಲಿಸುವುದೇ ಶಾಸನದ ಕೆಲಸ, ಅದನ್ನು ದೂರುವಂತಿಲ್ಲ. ಪತ್ರಿಕೆಯ ಕೆಲಸ ಬೇರೆ. ಆದರೂ ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3ರ ಮಾರನೆಯ ದಿನ ಪತ್ರಿಕೆಯ ಜಿಲ್ಲಾ ಪುಟ ತೆರೆದು ನೋಡಿ. ವೇದಿಕೆ, ಹಾರ, ಶಾಲು, ಸಾಲಾಗಿ ನಿಂತ ಎಂಟು ಗಣ್ಯರು, ಅವರ ಮುಂದೆ ಯಂತ್ರಚಾಲಿತ ದ್ವಿಚಕ್ರ ವಾಹನದ ಮೇಲೆ ಕುಳಿತ ಒಬ್ಬರು. ಚಿತ್ರದ ಕೆಳಗೆ ಎಂಟು ಜನರ ಹೆಸರೂ ಹುದ್ದೆಯೂ ಇರುತ್ತವೆ. ವಾಹನದ ಮೇಲೆ ಕುಳಿತವರು ಬರೀ ‘ಫಲಾನುಭವಿ’.

ಶಿಕಾರಿಪುರ, ಸೊರಬ, ಆನವಟ್ಟಿ, ಶಿರಾಳಕೊಪ್ಪದಂಥ ಊರುಗಳಲ್ಲಿ ಹೊಸದಾಗಿ ಪತ್ರಿಕೆಗೆ ಬರೆಯುವವರು, ಮೊಬೈಲ್ ಹಿಡಿದು ಊರಿನ ಸುದ್ದಿಯ ವಿಡಿಯೊ ಮಾಡುವ ಹುಡುಗ ಹುಡುಗಿಯರು ನನ್ನನ್ನು ಆಗಾಗ ಕೇಳುತ್ತಾರೆ: ‘ಇವರ ಬಗ್ಗೆ ಬರೀಬೇಕು ಅಂತ ಆಸೆ ಇದೆ ಸರ್, ಹೆಂಗೆ ಶುರು ಮಾಡೋದು?’ ಅವರಿಗೆ ಎದುರು ಕೂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಬರೆಯುವ ಮೊದಲು ಒಂದು ತಿಂಗಳು ಕತ್ತರಿಸಿ ಇಡಿ

ಒಂದು ತಿಂಗಳು, ನೀವು ಓದುವ ಪತ್ರಿಕೆಯಲ್ಲಿ ಅಂಗವಿಕಲರು ಬರುವ ಪ್ರತಿಯೊಂದು ಸುದ್ದಿಯನ್ನೂ ಕತ್ತರಿಸಿ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ. ತಿಂಗಳ ಕೊನೆಗೆ ನೆಲದ ಮೇಲೆ ಹರಡಿ ಗುಂಪು ಮಾಡಿ. ಸಾಧನ ಸಲಕರಣೆ ವಿತರಣೆ ಒಂದು ಗುಂಪು. ‘ನೆರವಿಗಾಗಿ ಮನವಿ’ ಇನ್ನೊಂದು. ‘ಅಂಗವೈಕಲ್ಯ ಮೆಟ್ಟಿ ನಿಂತ’ ಸಾಧಕರದ್ದು ಮೂರನೆಯದು. ಅಪಘಾತ, ಅತ್ಯಾಚಾರ, ಆತ್ಮಹತ್ಯೆಯದ್ದು ನಾಲ್ಕನೆಯದು.

ಆಮೇಲೆ ಯಾವ ಗುಂಪು ಇಲ್ಲವೆಂದು ನೋಡಿ. ಶುಂಠಿಗೆ ಕೊಳೆರೋಗ ಬಂದ ಸುದ್ದಿಯಲ್ಲಿ ಮಾತಾಡಿದ ಅಂಗವಿಕಲ ರೈತ ಇದ್ದಾರೆಯೇ? ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಅಭಿಪ್ರಾಯ ಹೇಳಿದ ಕಣ್ಣು ಕಾಣದ ಮೇಷ್ಟ್ರು? ಜಾತ್ರೆಗೆ ಬಂದು ಬೆಂಡು ಬತ್ತಾಸು ಕೊಂಡ ಕುಟುಂಬದ ಚಿತ್ರದಲ್ಲಿ ಗಾಲಿಕುರ್ಚಿಯ ಅಜ್ಜಿ? ಇರುವುದಿಲ್ಲ. ಯಾವುದೋ ಕಾರ್ಯಕ್ರಮ, ಕಷ್ಟ, ಪವಾಡ ಅಥವಾ ಅಪರಾಧ ಇದ್ದರಷ್ಟೇ ಅಂಗವಿಕಲರು ಪತ್ರಿಕೆಗೆ ಬರುತ್ತಾರೆ. ಮಾಮೂಲಿ ದಿನದಲ್ಲಿ ಅವರಿಗೆ ಜಾಗವೇ ಇಲ್ಲ.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು, ಜನಸಂಖ್ಯೆಯ ಶೇ 2.21. ಕರ್ನಾಟಕದಲ್ಲಿ 13.24 ಲಕ್ಷ. ಆರು ಸಾವಿರ ಜನರ ಒಂದು ಗ್ರಾಮ ಪಂಚಾಯಿತಿಗೆ ಇದೇ ಪ್ರಮಾಣ ಹಿಡಿದರೂ ನೂರ ಮೂವತ್ತು ಜನ. ಆ ಗಣತಿ ಎಂಟೇ ಬಗೆಗಳನ್ನು ಎಣಿಸಿತ್ತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸುತ್ತದೆ. ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್, ಆಟಿಸಂ, ಕಲಿಕಾ ನ್ಯೂನತೆ, ಆ್ಯಸಿಡ್ ದಾಳಿಗೆ ಒಳಗಾದವರು ಎಲ್ಲ ಅದರಲ್ಲಿ ಬರುತ್ತಾರೆ. ಊರುಗೋಲು ಹಿಡಿದವರನ್ನು ಮಾತ್ರ ಹುಡುಕಿದರೆ ಬಹಳ ಜನ ನಿಮ್ಮಿಂದ ತಪ್ಪಿಹೋಗುತ್ತಾರೆ.

ಹಂತ 2: ಪದ ಆರಿಸಿಕೊಳ್ಳಿ

ಹೊಸಬರು ಮೊದಲು ಎಡವುವುದು ಇಲ್ಲಿ. ಅಂಗವಿಕಲ ಎನ್ನಬೇಕೋ, ವಿಕಲಚೇತನ ಎನ್ನಬೇಕೋ, ವಿಶೇಷಚೇತನವೋ, ದಿವ್ಯಾಂಗವೋ? ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲಿ ‘ವಿಕಲಚೇತನ’ ಇದೆ. ‘ದಿವ್ಯಾಂಗ’ ಪದವನ್ನು ಪ್ರಧಾನಿ 2015ರ ಡಿಸೆಂಬರ್‌ನಲ್ಲಿ ತಮ್ಮ ರೇಡಿಯೊ ಮಾತಿನಲ್ಲಿ ಮುಂದಿಟ್ಟರು, ಅದು ಕೇಂದ್ರದ ಕಡತಗಳಿಗೆ ಬಂತು. ನನಗೆ ‘ವಿಕಲಚೇತನ’ ಒಪ್ಪಿಗೆಯಿಲ್ಲ. ಕಾಲಿಗೆ ಶಕ್ತಿ ಇಲ್ಲದವರ ಚೇತನ ಏಕೆ ವಿಕಲವಾಗಬೇಕು? ‘ದಿವ್ಯಾಂಗ’ವೂ ಒಗ್ಗುವುದಿಲ್ಲ. ಪೋಲಿಯೊ ಬಂದ ಕಾಲನ್ನು ದಿವ್ಯ ಎಂದು ಕರೆದರೆ ಬಸ್ಸಿನ ಮೆಟ್ಟಿಲು ತಗ್ಗುವುದಿಲ್ಲ. ನಾನು ‘ಅಂಗವಿಕಲರು’ ಎಂದೇ ಬರೆಯುತ್ತೇನೆ, ಸರಳವಾಗಿದೆ, ಎಲ್ಲರಿಗೂ ಗೊತ್ತಿದೆ. ಆದರೆ ಇದು ನನ್ನ ಆಯ್ಕೆ. ನೀವು ಯಾರ ಬಗ್ಗೆ ಬರೆಯುತ್ತೀರೋ ಅವರನ್ನೇ ಕೇಳಿ: ‘ನಿಮ್ಮ ಬಗ್ಗೆ ಹೆಂಗೆ ಬರೀಲಿ?’ ಅವರು ‘ವಿಶೇಷಚೇತನ ಅಂತ ಹಾಕಿ’ ಎಂದರೆ ಹಾಗೇ ಹಾಕಿ. ಕಣ್ಣು ಕಾಣದವರು, ಕಿವಿ ಕೇಳದವರು ಎಂದು ನೇರವಾಗಿ ಇರುವುದನ್ನು ಇರುವ ಹಾಗೆ ಹೇಳಿದರೆ ಎಲ್ಲಕ್ಕಿಂತ ಒಳ್ಳೆಯದು.

ಶಿಕಾರಿಪುರದವರಿಗೆ ಪದದ ವಿಷಯದಲ್ಲಿ ಒಂದು ಪಾಠ ಊರಲ್ಲೇ ಇದೆ. ನಮ್ಮ ಊರ ದೇವರು ಹುಚ್ಚರಾಯಸ್ವಾಮಿ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಎಂದು ಮೂರು ಆಂಜನೇಯರನ್ನು ಜನ ಒಂದೇ ಉಸಿರಿಗೆ ನೆನೆಯುತ್ತಾರೆ. ಆ ಭ್ರಾಂತೇಶನೇ ಹುಚ್ಚರಾಯ. ಹುಚ್ಚಪ್ಪ, ಹುಚ್ಚಮ್ಮ, ಹುಚ್ಚರಾಯಪ್ಪ ಎಂಬ ಹೆಸರುಗಳನ್ನು ಇಲ್ಲಿ ತಾಯಂದಿರು ಹರಕೆ ಹೊತ್ತು ಮಕ್ಕಳಿಗೆ ಇಟ್ಟಿದ್ದಾರೆ. ಹಾಗಾಗಿ ಪದವೇ ಪಾಪಿಯಲ್ಲ, ಅದನ್ನು ಯಾರ ಮೇಲೆ ಯಾವ ದನಿಯಲ್ಲಿ ಎಸೆಯುತ್ತೇವೆ ಎನ್ನುವುದು ಮುಖ್ಯ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರನ್ನು ‘ಹುಚ್ಚನ ರಂಪಾಟ’ ಎಂದು ತಲೆಬರಹದಲ್ಲಿ ಹಾಕಿದಾಗ ಅಲ್ಲಿ ದೇವರೂ ಇಲ್ಲ, ಹರಕೆಯೂ ಇಲ್ಲ.

ಇನ್ನೊಂದು ಪಾಠ ಸೊರಬದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹೊಸದೊಂದು ವೈರಸ್ ಪತ್ತೆಯಾಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಲೋಕದ ವೈದ್ಯಗ್ರಂಥಗಳೆಲ್ಲ ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತವೆ. ಆ ಊರಿನಲ್ಲಿ ಗದ್ದೆಯಿದೆ, ತೋಟವಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಆದರೆ ಹೊರಗಿನವರಿಗೆ ಅದು ಒಂದು ರೋಗದ ಹೆಸರು. ಊರಿಗೆ ಆದದ್ದೇ ಮನುಷ್ಯರಿಗೂ ಆಗುತ್ತದೆ. ‘ಪೋಲಿಯೊ ಪೀಡಿತ’, ‘ಬುದ್ಧಿಮಾಂದ್ಯ’ ಎಂಬ ಒಂದೇ ಪದದಲ್ಲಿ ಪೂರ್ತಿ ಆಳು ಮುಳುಗಿಹೋಗುತ್ತಾರೆ.

ಇದಕ್ಕೆ ತದ್ವಿರುದ್ಧವಾದದ್ದು ಆನವಟ್ಟಿ ದಾಟಿದರೆ ಸಿಗುವ ಹಾನಗಲ್ ಸೀಮೆಯಲ್ಲಿದೆ. ಪಂಚಾಕ್ಷರ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಅಲ್ಲಿಯವರು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಸಂಗೀತದ ದೊಡ್ಡ ಮನೆಯಾಗಿ ಬೆಳೆಸಿದವರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಜನರ ಬಾಯಲ್ಲಿ ಅವರು ಗವಾಯಿಗಳು, ಅಜ್ಜಾರು. ಹಾಡುವ ವಿದ್ಯೆಯೇ ಹೆಸರಾಯಿತು, ಕಣ್ಣಿನ ಮಾತು ಆಮೇಲೆ. ಯಾವ ಪತ್ರಿಕೆಯೂ ಹೇಳಿಕೊಡದೆ ಹಳ್ಳಿಯ ಜನ ತಾವಾಗಿಯೇ ಆರಿಸಿಕೊಂಡ ಕ್ರಮ ಇದು. ನೀವೂ ಹಾಗೇ ಮಾಡಿ: ಮೊದಲು ಹೆಸರು, ಆಮೇಲೆ ಅವರು ಮಾಡುವ ಕೆಲಸ, ಸುದ್ದಿಗೆ ಬೇಕಿದ್ದರೆ ಮಾತ್ರ ಅಂಗವೈಕಲ್ಯ.

ನಮ್ಮ ತಲೆಬರಹಗಳಲ್ಲಿ ಮೈಗೂಡಿಹೋದ ಕೆಲವು ಮಾತುಗಳೂ ಇವೆ. ‘ಕುಂಟುತ್ತಾ ಸಾಗಿದ ರಸ್ತೆ ಕಾಮಗಾರಿ’, ‘ಕುಂಟು ನೆಪ’, ‘ಕಿವುಡಾದ ಆಡಳಿತ’, ‘ಅಧಿಕಾರಿಗಳ ಜಾಣ ಕುರುಡು’. ಬರೆಯುವವರಿಗೆ ಕೆಟ್ಟ ಉದ್ದೇಶವಿಲ್ಲ, ಬೆರಳಿಗೆ ರೂಢಿಯಾಗಿದೆ. ಆದರೆ ಕೆಲಸಗಳ್ಳತನಕ್ಕೂ ಮೋಸಕ್ಕೂ ದಿನಾ ಕುಂಟು, ಕುರುಡು, ಕಿವುಡು ಎಂದೇ ಹೋಲಿಕೆ ಕೊಟ್ಟರೆ ಊರುಗೋಲು ಹಿಡಿದು ಪತ್ರಿಕೆ ಓದುವವರಿಗೆ ಹೇಗನ್ನಿಸಬೇಕು? ‘ಮೂರು ವರ್ಷವಾದರೂ ಮುಗಿಯದ ರಸ್ತೆ’ ಎನ್ನಿ, ಸುದ್ದಿಯೂ ಸ್ಪಷ್ಟವಾಗುತ್ತದೆ. ‘ಕಂಡೂ ಕಾಣದಂತಿರುವ ಅಧಿಕಾರಿಗಳು’ ಎನ್ನಿ, ತಪ್ಪು ಯಾರದೆಂದು ಗೊತ್ತಾಗುತ್ತದೆ.

ಇದು ಬರೀ ಸೌಜನ್ಯದ ಮಾತಲ್ಲ. ‘ಆಂಖ್ ಮಿಚೋಲಿ’ ಎಂಬ ಹಿಂದಿ ಚಿತ್ರದ ವಿರುದ್ಧ ನಿಪುಣ್ ಮಲ್ಹೋತ್ರಾ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ತೀರ್ಪು ಕೊಟ್ಟಿತು. ಚಿತ್ರವನ್ನು ನಿಷೇಧಿಸಲಿಲ್ಲ, ಆದರೆ ಅಂಗವಿಕಲರನ್ನು ತೋರಿಸುವವರು ಪಾಲಿಸಬೇಕಾದ ಮಾರ್ಗಸೂಚಿ ಹಾಕಿಕೊಟ್ಟಿತು. ಹೀಯಾಳಿಸುವ ಪದ ಬೇಡ. ‘ಬಳಲುತ್ತಿರುವ’, ‘ಬಲಿಪಶು’ ಎಂಬಂಥ ಮಾತುಗಳು ಸಮಾಜ ಒಡ್ಡುವ ಅಡ್ಡಿಯನ್ನು ಮರೆಮಾಚುತ್ತವೆ. ಅವರ ಬದುಕಿನ ಎಲ್ಲ ಮುಖಗಳನ್ನೂ ತೋರಿಸಿ, ಅವರನ್ನು ಕೇಳದೆ ಅವರ ಬಗ್ಗೆ ಏನನ್ನೂ ಮಾಡಬೇಡಿ ಎಂಬುದು ಅದರ ಸಾರ. 2016ರ ಕಾಯ್ದೆಯ 92ನೇ ಕಲಮಿನ ಪ್ರಕಾರ ಸಾರ್ವಜನಿಕರ ಎದುರು ಅಂಗವಿಕಲರನ್ನು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ದಂಡ.

ಹಂತ 3: ಹೋಗಿ ಭೇಟಿಯಾಗಿ, ಅವರ ಜೊತೆಗೇ ಮಾತಾಡಿ

ಯಾರನ್ನು ಹುಡುಕುವುದು ಎಂದು ಕಂಗೆಡಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಎಂದೇ ಕರೆಯುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯೂ. ಈ ಕೆಲಸದಲ್ಲಿರುವವರೂ ಅಂಗವಿಕಲರೇ. ಯಾರಿಗೆ ಗುರುತಿನ ಚೀಟಿ ಬಂದಿಲ್ಲ, ಯಾರ ಮಾಸಾಶನ ನಿಂತಿದೆ ಎನ್ನುವುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಬಿಇಒ ಕಚೇರಿಯ ಸಂಪನ್ಮೂಲ ಕೇಂದ್ರದಲ್ಲಿ ಮನೆ ಮನೆಗೆ ಹೋಗಿ ಪಾಠ ಮಾಡುವ ಶಿಕ್ಷಕರಿರುತ್ತಾರೆ. ಇವರ ಪರಿಚಯವಿದ್ದರೆ ವರ್ಷಕ್ಕೆ ಸಾಲುವಷ್ಟು ಸುದ್ದಿ ಸಿಗುತ್ತದೆ.

ಮನೆಗೆ ಹೋದಾಗ ನಡೆಯುವುದು ಏನೆಂದರೆ, ನೀವು ಮಗಳನ್ನು ಕೇಳುತ್ತೀರಿ, ಉತ್ತರ ಅಮ್ಮ ಕೊಡುತ್ತಾರೆ. ಅಮ್ಮನಿಗೆ ಬೇಸರವಾಗದಂತೆ ಮತ್ತೆ ಮಗಳತ್ತಲೇ ತಿರುಗಿ ಕೇಳಿ. ಕಣ್ಣು ಕಾಣದವರಾದರೆ ನಿಮ್ಮ ಹೆಸರು ಹೇಳಿ ಮಾತು ಶುರುಮಾಡಿ, ಹೊರಡುವಾಗ ‘ಬರ್ತೀನಿ’ ಎಂದು ಹೇಳಿಯೇ ಏಳಿ. ಗಾಲಿಕುರ್ಚಿಯಲ್ಲಿದ್ದರೆ ನೀವೂ ಕೂತು ಮಾತಾಡಿ. ಕುರ್ಚಿಯನ್ನೋ ತ್ರಿಚಕ್ರವನ್ನೋ ಕೇಳದೆ ಮುಟ್ಟಬೇಡಿ, ತಳ್ಳಬೇಡಿ. ಕಿವಿ ಕೇಳದವರಾದರೆ ಸಂಜ್ಞೆ ಬಲ್ಲವರು ಮನೆಯಲ್ಲಿ ಯಾರೆಂದು ವಿಚಾರಿಸಿ, ಓದು ಬರಹ ಬಂದರೆ ಹಾಳೆಯ ಮೇಲೆ ಬರೆದು ತೋರಿಸಿ. ಮಾತು ನಿಧಾನವಾಗಿರುವವರ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, ಕಾಯಿರಿ.

ಈಗ ಕನ್ನಡದ್ದೇ ಆದ ಒಂದು ವಿಷಯ. ನಮ್ಮ ಭಾಷೆಯಲ್ಲಿ ಅವನು, ಅವಳು, ಅವರು ಬೇರೆ ಬೇರೆ. ನಿಮ್ಮ ರಟ್ಟಿನ ಪೆಟ್ಟಿಗೆಯ ತುಂಡುಗಳನ್ನು ಮತ್ತೆ ತೆಗೆಯಿರಿ. ಶಾಸಕರು ‘ಹೇಳಿದರು’, ತಹಶೀಲ್ದಾರರು ‘ತಿಳಿಸಿದರು’. ನಲವತ್ತೈದು ವರ್ಷದ ಅಂಗವಿಕಲ ಗೃಹಸ್ಥ ಮಾತ್ರ ‘ಈತ ಹುಟ್ಟಿನಿಂದಲೇ ನಡೆಯಲಾರ’, ಮೂರು ಮಕ್ಕಳ ತಾಯಿ ‘ಈಕೆ ಬದುಕು ಕಟ್ಟಿಕೊಂಡಿದ್ದಾಳೆ’. ಊರಲ್ಲಿ ಎದುರಿಗೆ ಸಿಕ್ಕರೆ ನಾವು ಅವರನ್ನು ಅಣ್ಣ ಎನ್ನುತ್ತೇವೆ, ಅಕ್ಕ ಎನ್ನುತ್ತೇವೆ, ‘ಬರ್ರಿ, ಕೂತ್ಕಳ್ರಿ’ ಎನ್ನುತ್ತೇವೆ. ಅಚ್ಚಿನಲ್ಲಿ ಏಕವಚನಕ್ಕೆ ಇಳಿಯುತ್ತೇವೆ. ಇಪ್ಪತ್ತು ಪದಗಳ ಚರ್ಚೆ ಬಿಟ್ಟು ಇದೊಂದನ್ನು ತಿದ್ದಿಕೊಂಡರೂ ಅರ್ಧ ಕೆಲಸ ಆದಂತೆ. ವಯಸ್ಸಿಗೆ ಬಂದವರೆಲ್ಲರಿಗೂ ‘ಅವರು’.

ಶುರುವಿನ ದಿನಗಳಲ್ಲಿ ನಾನೊಂದು ತಪ್ಪು ಮಾಡಿದೆ. ಪೋಲಿಯೊದಿಂದ ಒಂದು ಕಾಲು ಸೋತ ರೈತರೊಬ್ಬರ ಮನೆಗೆ ಹೋಗಿ, ಮಾಸಾಶನ ನಿಂತದ್ದರ ಬಗ್ಗೆ ಮಾತಾಡಿ ಬಂದು, ಕೊನೆಯ ಸಾಲಿನಲ್ಲಿ ‘ಎಂದು ಕಣ್ಣೀರು ಹಾಕಿದರು’ ಎಂದು ಬರೆದೆ. ಎಲ್ಲರೂ ಹಾಗೆ ಬರೆಯುತ್ತಿದ್ದರು, ಕೈ ತಾನಾಗಿ ಬರೆಯಿತು. ಒಂದು ವಾರದ ಮೇಲೆ ಸಂತೆಯಲ್ಲಿ ಸಿಕ್ಕರು. ‘ನಾ ಯಾವಾಗ ಅತ್ತೆ ಸರ? ನೀವು ಚಾ ಕುಡದ್ರಿ, ನಾ ನಗ್‌ನಗ್ತಾನೇ ಮಾತಾಡಿದ್ದೆ. ಪೇಪರ್ ನೋಡಿ ನಮ್ಮ ಬೀಗರು ಫೋನ್ ಮಾಡಿ ಏನಾತು ಅಂತ ಕೇಳಿದ್ರು.’ ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಆ ದಿನದಿಂದ ನಾನು ಕಂಡದ್ದನ್ನು ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಹಂತ 4: ಕಾರಣ ಬರೆಯುವಾಗ ಹೆದರಿ

ಅಂಗವೈಕಲ್ಯ ಹೇಗೆ ಬಂತು ಎನ್ನುವುದು ಎಷ್ಟೋ ಸುದ್ದಿಗಳಿಗೆ ಬೇಕೇ ಇಲ್ಲ. ಬೇಕಾದಾಗ ವೈದ್ಯರ ಮಾತಿಲ್ಲದೆ ಬರೆಯಬೇಡಿ. ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆ ಇದನ್ನು ಚೆನ್ನಾಗಿ ಹೇಳುತ್ತದೆ. 1970ರ ದಶಕದ ನಡುವಿನಲ್ಲಿ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ಸವೆದು ನೋವಿನಿಂದ ನಡೆಯಲಾಗದವರು, ಕೆಲವು ಮನೆಗಳಲ್ಲಿ ಎತ್ತರ ಬೆಳೆಯದವರು ಇರುವುದು ಹೊರಲೋಕದ ಗಮನಕ್ಕೆ ಬಂತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇಂಥ ಕುಟುಂಬಗಳಿದ್ದವು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತು ಎಂಬ ಮಾತು ಎಲ್ಲೆಡೆ ಹಬ್ಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲೇ ಇದನ್ನು ಕುಟುಂಬಗಳಲ್ಲಿ ಬರುವ ಮಲೆನಾಡಿನ ಕೀಲುರೋಗವೆಂದು ವರದಿ ಮಾಡಿದ್ದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ಆನುವಂಶಿಕ ಕಾಯಿಲೆ ಎಂದು ತೋರಿಸಿತು. ಏಡಿಯ ಮಾತು ಮಾತ್ರ ಇನ್ನೂ ಅಲ್ಲಲ್ಲಿ ಕೇಳುತ್ತದೆ.

ಯೋಚಿಸಿ, ಬಡವರ ಊಟವನ್ನೇ ಅವರ ರೋಗಕ್ಕೆ ಕಾರಣ ಎಂದಾಗ ತಪ್ಪು ಅವರದೇ ಎಂಬ ಅರ್ಥ ಬಂದುಬಿಡುತ್ತದೆ. ‘ಹಿಂದಿನ ಜನ್ಮದ ಕರ್ಮ’, ‘ಗ್ರಹಣದ ಹೊತ್ತಲ್ಲಿ ಹೊರಗೆ ಬಂದಿದ್ದಳು’ ಎಂಬ ಮಾತುಗಳೂ ಇದೇ ಜಾತಿಯವು. ಮನೆಯವರೇ ಹೇಳಿದರೂ ಅದನ್ನು ಕಾರಣವೆಂದು ಅಚ್ಚು ಹಾಕಬೇಡಿ.

ಹಂತ 5: ಚಿತ್ರ

ಕೇಳಿ ತೆಗೆಯಿರಿ. ಅವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಮೇಲಿನಿಂದ ತೆಗೆದರೆ ಯಾರಾದರೂ ಬೇಡುವವರಂತೆ ಕಾಣುತ್ತಾರೆ. ಕೃಶವಾದ ಕಾಲನ್ನೋ ಬಾಗಿದ ಬೆರಳನ್ನೋ ಮಾತ್ರ ಹತ್ತಿರದಿಂದ ತೆಗೆಯಬೇಡಿ. ಕೆಲಸ ಮಾಡುವಾಗ, ಮಾತಾಡುವಾಗ, ಮನೆಯವರ ನಡುವೆ ತೆಗೆಯಿರಿ. ತೆಗೆದದ್ದನ್ನು ತೋರಿಸಿ, ಕಣ್ಣು ಕಾಣದವರಿಗೆ ಚಿತ್ರದಲ್ಲಿ ಏನಿದೆ ಎಂದು ವಿವರಿಸಿ ಹೇಳಿ. ಬೇಡ ಎಂದರೆ ಅಳಿಸಿ.

ಎರಡು ಕಡೆ ಕಾನೂನೇ ಕೈ ತಡೆಯುತ್ತದೆ. ಮಾನಸಿಕ ಆರೋಗ್ಯ ಕಾಯ್ದೆ 2017ರ 24ನೇ ಕಲಮಿನಂತೆ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆಯಲ್ಲಿರುವವರ ಚಿತ್ರವನ್ನೋ ಮಾಹಿತಿಯನ್ನೋ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಅಪರಾಧಕ್ಕೆ ಒಳಗಾದ ಮಕ್ಕಳ ಹೆಸರು, ಶಾಲೆ, ಊರು, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಹಾಕುವಂತಿಲ್ಲ ಎಂದು ಬಾಲನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಮುಖ ಮಸುಕು ಮಾಡಿ ‘ಇಂಥ ಹಳ್ಳಿಯ ಮೂಗ ಬಾಲಕಿ’ ಎಂದು ಬರೆದರೆ ಗುರುತು ಬಿಟ್ಟುಕೊಟ್ಟ ಹಾಗೇ. ಸಣ್ಣ ಊರಲ್ಲಿ ಮಾತು ಬಾರದ ಹುಡುಗಿ ಒಬ್ಬಳೇ ಇರುತ್ತಾಳೆ.

ಸಲಕರಣೆ ವಿತರಣೆಯ ಕಾರ್ಯಕ್ರಮಕ್ಕೆ ಹೋಗಲೇಬೇಕಾಗುತ್ತದೆ, ಹೋಗಿ. ಕೀಲಿ ಕೈ ಹಸ್ತಾಂತರದ ಚಿತ್ರ ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ವಾಹನ ಪಡೆದವರು ಅದನ್ನು ಮೊದಲ ಸಲ ಓಡಿಸುವಾಗ ತೆಗೆಯಿರಿ. ಚಿತ್ರದಡಿಯಲ್ಲಿ ಅವರ ಹೆಸರು ಮೊದಲು ಬರಲಿ.

ಹಂತ 6: ಬರೆಯಿರಿ, ಮತ್ತೆ ಬರೆಯಿರಿ

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಆನವಟ್ಟಿಯಲ್ಲಿ ಹೊಲಿಗೆ ಅಂಗಡಿ ಇಟ್ಟ ಒಬ್ಬ ಹೆಣ್ಣುಮಗಳು, ಎರಡೂ ಕಾಲಿಗೆ ಶಕ್ತಿಯಿಲ್ಲ. ಮೊದಲ ಕರಡು ಹೀಗೆ ಬರುತ್ತದೆ: ‘ಕಾಲಿನ ಸ್ವಾಧೀನ ಕಳೆದುಕೊಂಡರೂ ಛಲ ಬಿಡದ ಈಕೆ ಅಂಗವೈಕಲ್ಯವನ್ನೇ ಮೆಟ್ಟಿ ನಿಂತು ಬದುಕು ಕಟ್ಟಿಕೊಂಡಿದ್ದಾಳೆ. ಎಲ್ಲ ಅಂಗಗಳು ಸರಿಯಿದ್ದೂ ದುಡಿಯದವರಿಗೆ ಈಕೆ ಮಾದರಿ.’

ಈ ಎರಡು ವಾಕ್ಯಗಳಲ್ಲಿ ಆಕೆ ಏನು ಹೊಲಿಯುತ್ತಾರೆ ಎಂಬುದೇ ಇಲ್ಲ. ಮತ್ತೆ ಹೋಗಿ ಕೂತು ಬಂದು ಬರೆದರೆ ಹೀಗಾಗಬಹುದು: ‘ಮದುವೆ ಕಾಲದಲ್ಲಿ ಇವರ ಅಂಗಡಿಗೆ ರವಿಕೆ ಬಟ್ಟೆಯನ್ನು ಹದಿನೈದು ದಿನ ಮೊದಲೇ ಕೊಡಬೇಕು. ಕಾಲಲ್ಲಿ ತುಳಿಯುವ ಯಂತ್ರ ಒಗ್ಗದ್ದರಿಂದ ಮೋಟರ್ ಹಾಕಿಸಿ, ಗುಂಡಿಯನ್ನು ಮೊಣಕೈಗೆ ಸಿಗುವಂತೆ ತಾವೇ ಮಾಡಿಸಿಕೊಂಡಿದ್ದಾರೆ. ಎರಡನೇ ಯಂತ್ರಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕಿನ ಬಾಗಿಲಲ್ಲಿ ಐದು ಮೆಟ್ಟಿಲು. ಸಹಿ ಮಾಡಲು ಎರಡು ಸಲ ತಮ್ಮನ ಬೆನ್ನೇರಿ ಹೋಗಬೇಕಾಯಿತು.’ ಇಲ್ಲಿ ಛಲ ಎಂಬ ಪದವೇ ಇಲ್ಲ, ಓದಿದವರಿಗೆ ಆಕೆಯ ಕಸುಬು ಗೊತ್ತಾಗುತ್ತದೆ, ಐದು ಮೆಟ್ಟಿಲೂ ಕಾಣುತ್ತದೆ. ಮೊದಲ ಕರಡಿನಲ್ಲಿ ತೊಂದರೆ ಆಕೆಯ ಕಾಲಿನಲ್ಲಿತ್ತು, ಎರಡನೆಯದರಲ್ಲಿ ಮೆಟ್ಟಿಲಿನಲ್ಲಿದೆ. ಕಾಲನ್ನು ಬದಲಿಸಲಾಗದು. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ಕಟ್ಟಬಹುದು.

ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್, ತಾವೇ ಗಾಲಿಕುರ್ಚಿ ಬಳಸುತ್ತಿದ್ದವರು, 2014ರ ಒಂದು ಭಾಷಣದಲ್ಲಿ ಇದೇ ಮಾತನ್ನು ಹೇಳಿದರು. ಉಳಿದವರು ತಮ್ಮ ಬದುಕೇ ವಾಸಿ ಎಂದು ಸಮಾಧಾನಪಡಲು ಅಂಗವಿಕಲರನ್ನು ಸ್ಫೂರ್ತಿಯ ಸರಕಾಗಿ ಮಾಡಿಕೊಳ್ಳುತ್ತೇವೆ ಎಂದು.

ಹಾಗಾದರೆ ಸಾಧಕರ ಬಗ್ಗೆ ಬರೆಯಬಾರದೇ? ಧಾರಾಳವಾಗಿ ಬರೆಯಿರಿ, ಸಾಧನೆಯ ಬಗ್ಗೆ ಬರೆಯಿರಿ. ನಮ್ಮ ಜಿಲ್ಲೆಯ ಶೇಖರ್ ನಾಯ್ಕ್ ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದಲ್ಲಿ ಓದಿದವರು. ಅವರ ನಾಯಕತ್ವದಲ್ಲಿ ಭಾರತದ ಅಂಧರ ಕ್ರಿಕೆಟ್ ತಂಡ 2012ರಲ್ಲಿ ಟಿ20 ವಿಶ್ವಕಪ್ ಗೆದ್ದಿತು, 2014ರಲ್ಲಿ ಏಕದಿನ ವಿಶ್ವಕಪ್ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವರ ಬಗ್ಗೆ ಬರೆಯುವವರು ‘ಕತ್ತಲ ಬದುಕು’ ಎಂದು ಶುರುಮಾಡಿ ಅಲ್ಲೇ ನಿಲ್ಲುತ್ತಾರೆ. ಆಟದ ಬಗ್ಗೆ ಬರೆಯಿರಿ. ಚೆಂಡಿನೊಳಗೆ ಗುಂಡುಗಳಿದ್ದು ಗಲಗಲ ಸದ್ದು ಮಾಡುತ್ತದೆ. ಬೌಲಿಂಗ್ ತೋಳು ಕೆಳಗಿಟ್ಟೇ ಮಾಡಬೇಕು. ಹನ್ನೊಂದರಲ್ಲಿ ನಾಲ್ವರಾದರೂ ಪೂರ್ತಿ ಕಣ್ಣು ಕಾಣದವರು ಇರಬೇಕು, ಅವರು ಹೊಡೆದ ಒಂದು ರನ್ ಎರಡಾಗಿ ಎಣಿಕೆಯಾಗುತ್ತದೆ. ಹೀಗಿರುವಾಗ ನಾಯಕರು ಯಾರನ್ನು ಯಾವಾಗ ಬ್ಯಾಟಿಂಗಿಗೆ ಕಳಿಸುತ್ತಾರೆ ಎನ್ನುವುದು ಎಂಥ ಲೆಕ್ಕಾಚಾರ! ಕ್ರಿಕೆಟ್ ಪ್ರೀತಿಸುವ ಯಾವ ಹುಡುಗನಾದರೂ ಅದನ್ನು ಕಣ್ಣರಳಿಸಿ ಓದುತ್ತಾನೆ.

ಹಂತ 7: ಮೆಟ್ಟಿಲುಗಳ ಬೆನ್ನು ಹತ್ತಿ

ಬರೆದದ್ದು ಒಂದು ದಿನಕ್ಕೆ ಮುಗಿಯಬಾರದು. ತಾಲ್ಲೂಕು ಕಚೇರಿ, ಆಸ್ಪತ್ರೆ, ಬಸ್ ನಿಲ್ದಾಣ, ಮತಗಟ್ಟೆಯಾಗುವ ಶಾಲೆ, ಎಲ್ಲವನ್ನೂ ಗಾಲಿಕುರ್ಚಿ ಬಳಸುವ ಒಬ್ಬರ ಜೊತೆ ಸುತ್ತಿ. ಇಳಿಜಾರು ಇದೆಯೇ, ಇದ್ದರೆ ಏರಬಹುದಾದಷ್ಟು ಸಪಾಟಾಗಿದೆಯೇ, ಅದರ ಮೇಲೆ ಬೈಕ್ ನಿಲ್ಲಿಸಿದ್ದಾರೆಯೇ, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಯುತ್ತದೆಯೇ ಎಂದು ಟೇಪು ಹಿಡಿದು ಅಳೆದು ಬರೆಯಿರಿ. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕು ಎಂದು 2016ರ ಕಾಯ್ದೆಯ 45ನೇ ಕಲಮು ಹೇಳಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ.

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಎತ್ತಿಡಬೇಕು. ನಿಮ್ಮ ಪಂಚಾಯಿತಿ ಕಳೆದ ವರ್ಷ ಎಷ್ಟು ಎತ್ತಿಟ್ಟಿತು, ಯಾವುದಕ್ಕೆ ಖರ್ಚು ಮಾಡಿತು ಎಂದು ಪಿಡಿಒ ಅವರನ್ನು ಕೇಳಿ. ಸಿಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಅಂಗವಿಕಲರ ಸಮನ್ವಯ ಗ್ರಾಮಸಭೆಗೆ ಹೋಗಿ ಕೂತು, ಯಾರು ಏನು ಕೇಳಿದರು ಎಂದು ಬರೆದುಕೊಳ್ಳಿ.

ಹಂತ 8: ಬರೆದದ್ದು ಅವರಿಗೂ ತಲುಪಲಿ

ನೀವು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಪತ್ರಿಕೆಯ ತುಣುಕು ಒಂದು ಚಿತ್ರ. ಕಣ್ಣು ಕಾಣದವರ ಮೊಬೈಲ್ ಅಕ್ಷರವನ್ನು ಓದಿ ಹೇಳಬಲ್ಲದು, ತುಣುಕಿನ ಚಿತ್ರವನ್ನು ಅಷ್ಟು ಸಲೀಸಾಗಿ ಓದಲಾರದು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಹಾಗೇ ಕಳಿಸಿದರೆ ಓದುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆದ್ದರಿಂದ ಯೂನಿಕೋಡಿನಲ್ಲಿ ಬರೆಯಿರಿ, ತುಣುಕಿನ ಜೊತೆ ಬರಹವನ್ನೂ ಅಂಟಿಸಿ, ಚಿತ್ರದಲ್ಲಿ ಏನಿದೆ ಎಂದು ಒಂದು ಸಾಲು ಸೇರಿಸಿ. ವಿಡಿಯೊ ಮಾಡುವವರು ಕೆಳಗೆ ಕನ್ನಡ ಅಕ್ಷರ ಓಡಿಸಿ, ಕಿವಿ ಕೇಳದವರು ಅದನ್ನು ಓದುತ್ತಾರೆ. ನಮ್ಮ ಭಾಗದಲ್ಲಿ ಕಣ್ಣು ಕಾಣದವರಿಗೆ ಆಕಾಶವಾಣಿ ಭದ್ರಾವತಿ ಇವತ್ತಿಗೂ ಹತ್ತಿರದ ಗೆಳೆಯ. ಒಳ್ಳೆಯ ವಿಷಯ ಸಿಕ್ಕರೆ ಅಲ್ಲಿಗೂ ಬರೆದು ಕಳಿಸಿ.

ಅಚ್ಚಾದ ದಿನ ಒಂದು ಪ್ರತಿ ಹಿಡಿದು ಅವರ ಮನೆಗೆ ಹೋಗಿ. ಓದಲಾಗದವರಿಗೆ ಓದಿ ಹೇಳಿ. ತಪ್ಪು ಹೇಳಿದರೆ ತಿದ್ದುಪಡಿ ಹಾಕಿಸಿ, ಹಾಕಿಸಿದ್ದನ್ನೂ ತೋರಿಸಿ.

ಹಂತ 9: ಮತ್ತೆ ಫೋನ್ ಮಾಡಿ, ಬೇರೆ ವಿಷಯಕ್ಕೆ

ಅಳಲಿಲ್ಲ ಎಂದ ಆ ರೈತರ ನಂಬರ್ ನನ್ನ ಹತ್ತಿರ ಉಳಿಯಿತು. ಮುಂದಿನ ಸುಗ್ಗಿಗೆ ಮೆಕ್ಕೆಜೋಳದ ದರ ಬಿದ್ದಾಗ ಅವರಿಗೆ ಫೋನ್ ಮಾಡಿದೆ. ಎಕರೆಗೆ ಬೀಜ, ಗೊಬ್ಬರ, ಕೂಲಿ ಎಷ್ಟಾಯಿತು, ಮಂಡಿಯಲ್ಲಿ ತೇವಾಂಶದ ಹೆಸರಲ್ಲಿ ಎಷ್ಟು ಕಡಿದರು ಎಂದು ಅಂಕಿ ಸಮೇತ ಹೇಳಿದರು. ನಾನು ಮಾತಾಡಿಸಿದ ಐವರು ರೈತರಲ್ಲಿ ಅಷ್ಟು ಚೊಕ್ಕ ಲೆಕ್ಕ ಇಟ್ಟವರು ಅವರೊಬ್ಬರೇ. ಅವರ ಮಾತು ಹೆಸರಿನ ಸಮೇತ ಮೊದಲ ಪ್ಯಾರಾದಲ್ಲಿ ಬಂತು. ಕಾಲಿನ ವಿಷಯ ಆ ಸುದ್ದಿಯಲ್ಲಿ ಎಲ್ಲೂ ಇರಲಿಲ್ಲ. ಮಾರನೆಯ ದಿನ ಅವರೇ ಫೋನ್ ಮಾಡಿ, ಗೊಬ್ಬರದ ರೇಟು ಒಂದು ಚೀಲಕ್ಕೆ ಇಪ್ಪತ್ತು ರೂಪಾಯಿ ಕಮ್ಮಿ ಹಾಕಿದ್ದೀರಿ ಎಂದು ತಿದ್ದಿದರು.